ಪ್ರೇರಿ ನಾಡಿನ ಒಂದು ಬೇಸ್‌ಬಾಲ್ ಋತು

ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಆಟೋಟಗಳಿಗೆ ಸ್ಥಾನ ಕಡಿಮೆ. ಯುದ್ಧ, ಒಪ್ಪಂದ, ಕಾಯಿದೆ, ಕಂದಾಯ ಇವುಗಳ ನಡುವೆ ಸಾಮಾನ್ಯ ಜನರು ಸಂಜೆಯ ಹೊತ್ತನ್ನು ಹೇಗೆ ಕಳೆಯುತ್ತಿದ್ದರೆಂಬ ಮಾತು ಮರೆತೇಹೋಗುತ್ತದೆ. ಆದರೆ ಒಂದು ಊರಿನ ಜನ ಯಾವುದಕ್ಕೆ ಕೈಯಿಂದ ಕಾಸು ಬಿಚ್ಚಿದರು, ಯಾರನ್ನು ‘ನಮ್ಮವರು’ ಎಂದು ಹೆಗಲ ಮೇಲೆ ಹೊತ್ತು ಮೆರೆಸಿದರು, ಯಾರನ್ನು ಬಾಗಿಲ ಹೊರಗೇ ನಿಲ್ಲಿಸಿದರು ಎಂಬುದನ್ನು ತಿಳಿದರೆ ಆ ಊರಿನ ಸ್ವಭಾವ ಕಾಯಿದೆಯ ಪುಸ್ತಕದಲ್ಲಿ ಕಾಣುವುದಕ್ಕಿಂತ ಸ್ಪಷ್ಟವಾಗಿ ಕಾಣುವುದುಂಟು. ಈ ದೃಷ್ಟಿಯಿಂದಲೇ ನಾನು ಪಶ್ಚಿಮ ಕೆನಡದ ಹುಲ್ಲುಬಯಲಿನಲ್ಲಿ 1907ರಲ್ಲಿ ನಡೆದ ಒಂದು ಬೇಸ್‌ಬಾಲ್ ಋತುವನ್ನೂ ಅದರ ಮುಂದಿನ ಕೆಲವು ವರ್ಷಗಳನ್ನೂ ಅಭ್ಯಾಸಕ್ಕೆ ಎತ್ತಿಕೊಂಡಿದ್ದೇನೆ. ಆ ಋತುವಿನಲ್ಲಿ ಜಗತ್ತನ್ನು ಬೆರಗುಗೊಳಿಸಿದ ದಾಖಲೆಯೇನೂ ಆಗಲಿಲ್ಲ. ಹೊಸದಾಗಿ ಹುಟ್ಟಿದ ನಾಲ್ಕು ಊರುಗಳು ಬಾಡಿಗೆಯ ಆಟಗಾರರನ್ನು ಕರೆತಂದು ತಮ್ಮ ಹೆಸರಿನಲ್ಲಿ ಆಡಿಸಿದವು, ಅಷ್ಟೆ. ಆದರೆ ‘ಊರಿನ ಹೆಸರಿನಲ್ಲಿ ಆಡುವ ಹಕ್ಕು ಯಾರಿಗೆ?’ ಎಂಬ ಪ್ರಶ್ನೆ ಅಲ್ಲಿಯೇ ಮೊಳೆಯಿತು. ಮೂರು ವರ್ಷಗಳೊಳಗೆ ಅದಕ್ಕೆ ಕಹಿಯಾದ ಉತ್ತರವೂ ದೊರೆಯಿತು.

ನೆಲ ಮತ್ತು ಕಾಲ

ಪ್ರೇರಿ ಎಂದರೆ ಮರಗಳು ವಿರಳವಾಗಿರುವ, ದೃಷ್ಟಿ ಹರಿದಷ್ಟು ದೂರವೂ ಹುಲ್ಲೇ ಹುಲ್ಲಾಗಿರುವ ಬಯಲು. ಕೆನಡದಲ್ಲಿ ಇದು ಮ್ಯಾನಿಟೋಬ, ಸಸ್ಕಾಚೆವಾನ್, ಆಲ್ಬರ್ಟ ಎಂಬ ಮೂರು ಪ್ರಾಂತಗಳಲ್ಲಿ ಹರಡಿಕೊಂಡಿದೆ. ಕ್ರೀ, ಬ್ಲ್ಯಾಕ್‌ಫುಟ್ ಮೊದಲಾದ ಮೂಲನಿವಾಸಿಗಳು ಕಾಡೆಮ್ಮೆಗಳನ್ನು ಬೇಟೆಯಾಡಿ ಬಾಳಿದ ನೆಲವಿದು. 1876 ಮತ್ತು 1877ರ ಒಪ್ಪಂದಗಳ ಮೂಲಕ ಈಗಿನ ಆಲ್ಬರ್ಟದ ಮಧ್ಯ ಮತ್ತು ದಕ್ಷಿಣ ಭಾಗಗಳು ಸರ್ಕಾರದ ಹತೋಟಿಗೆ ಬಂದವು. 1883ರಲ್ಲಿ ಕೆನೇಡಿಯನ್ ಪೆಸಿಫಿಕ್ ರೈಲು ಕ್ಯಾಲ್ಗರಿಯನ್ನು ಮುಟ್ಟಿತು. 1872ರ ಭೂಕಾಯಿದೆಯ ಪ್ರಕಾರ ಹತ್ತು ಡಾಲರ್ ಶುಲ್ಕ ಕಟ್ಟಿದ ವಲಸೆಗಾರನಿಗೆ 160 ಎಕರೆ ಭೂಮಿ ದೊರೆಯುತ್ತಿತ್ತು. ಅದನ್ನು ಉತ್ತು, ಮನೆ ಕಟ್ಟಿ, ಅಲ್ಲಿ ನೆಲೆಸಿ ತೋರಿಸಿದರೆ ಭೂಮಿ ಅವನದಾಗುತ್ತಿತ್ತು. ಇಪ್ಪತ್ತನೆಯ ಶತಮಾನ ಹುಟ್ಟುವ ವೇಳೆಗೆ ಜನ ಪ್ರವಾಹದಂತೆ ಬಂದರು. 1901ರಲ್ಲಿ ನಾಲ್ಕು ಸಾವಿರದ ಆಸುಪಾಸಿನಲ್ಲಿದ್ದ ಕ್ಯಾಲ್ಗರಿಯ ಜನಸಂಖ್ಯೆ 1911ರಲ್ಲಿ 43,704ಕ್ಕೆ ಏರಿತೆಂದರೆ ಆ ವೇಗವನ್ನು ಊಹಿಸಬಹುದು.

1905ರ ಸೆಪ್ಟೆಂಬರ್ 1ರಂದು ಆಲ್ಬರ್ಟ ಪ್ರತ್ಯೇಕ ಪ್ರಾಂತವಾಯಿತು. ಆಗ ರಾಜಧಾನಿ ಯಾವುದಾಗಬೇಕೆಂಬ ಜಗಳ ಎದ್ದಿತು. ಎಡ್ಮಂಟನ್ ಗೆದ್ದಿತು, ಕ್ಯಾಲ್ಗರಿ ಸೋತಿತು. ವಿಶ್ವವಿದ್ಯಾನಿಲಯವಾದರೂ ತಮಗೆ ಬಂದೀತೆಂದು ಕ್ಯಾಲ್ಗರಿಯವರು ಕಾದಿದ್ದರು; 1908ರಲ್ಲಿ ಅದು ಸ್ಥಾಪನೆಯಾದದ್ದು ಎಡ್ಮಂಟನ್ನಿನ ನದಿಯ ಆಚೆ ದಡದ ಸ್ಟ್ರಾತ್‌ಕೋನದಲ್ಲಿ! ಎರಡು ಊರುಗಳ ನಡುವಿನ ಈ ಮತ್ಸರವನ್ನು ನೆನಪಿನಲ್ಲಿಟ್ಟುಕೊಂಡರೆ, ಬೇಸ್‌ಬಾಲ್ ಪಂದ್ಯವೊಂದಕ್ಕೆ ಅಲ್ಲಿನ ವರ್ತಕರು ಅಷ್ಟೇಕೆ ಹಣ ಸುರಿದರೆಂಬುದು ಅರ್ಥವಾಗುತ್ತದೆ. ಹೊಸ ಊರಿಗೆ ಕೋಟೆಯಿಲ್ಲ, ಪುರಾಣವಿಲ್ಲ, ಹಳೆಯ ದೇಗುಲವಿಲ್ಲ. ತಾನು ಇದ್ದೇನೆ, ನಾಳೆಯೂ ಇರುತ್ತೇನೆ ಎಂದು ಹೊರಗಿನವರಿಗೆ ಸಾರಲು ಅದಕ್ಕೆ ಏನಾದರೊಂದು ಗುರುತು ಬೇಕು. ಪಕ್ಕದ ಊರನ್ನು ಸೋಲಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಅದಕ್ಕಿಂತ ಅಗ್ಗದ ಜಾಹೀರಾತು ಇನ್ನಾವುದಿದ್ದೀತು?

ಆಟ ಮತ್ತು ಲೀಗು

ಬೇಸ್‌ಬಾಲ್ ನಮ್ಮಲ್ಲಿ ಪ್ರಚಾರದಲ್ಲಿಲ್ಲವಾದ್ದರಿಂದ ಎರಡು ಮಾತು ಹೇಳಬೇಕು. ಒಂದೊಂದು ಪಕ್ಷಕ್ಕೆ ಒಂಬತ್ತು ಜನ. ವಜ್ರಾಕೃತಿಯ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ಕ್ರಿಕೆಟ್ಟಿನ ಬೌಲರನ ಸ್ಥಾನದಲ್ಲಿ ಪಿಚರ್ ಎಂಬವನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುತ್ತಾನೆ. ದಾಂಡಿಗನು ಅದನ್ನು ಹೊಡೆದು ನೆಲೆಯಿಂದ ನೆಲೆಗೆ ಓಡುತ್ತ ನಾಲ್ಕನ್ನೂ ಸುತ್ತಿ ಬಂದರೆ ಒಂದು ಓಟ. ಮೂವರು ಔಟಾದರೆ ಸರದಿ ಬದಲು. ಇಂಥ ಒಂಬತ್ತು ಸರದಿಗಳಿಗೆ ಆಟ ಮುಗಿಯುತ್ತದೆ. ಕ್ರಿಕೆಟ್ಟಿನಂತೆ ದಿನಗಟ್ಟಲೆ ಕಾಯಬೇಕಾಗಿಲ್ಲ. ಎರಡು ಗಂಟೆಗಳ ಸುಮಾರಿನಲ್ಲಿ ಗೆಲುವು ಸೋಲು ತೀರ್ಮಾನವಾಗುತ್ತದೆ. ದುಡಿದು ದಣಿದ ಜನರು ಸಂಜೆ ಬಂದು ನೋಡಿ ಹೋಗಲು ಇದು ಹೇಳಿ ಮಾಡಿಸಿದ ಆಟ. ಅಮೆರಿಕದಿಂದ ಪ್ರೇರಿಗೆ ಬಂದ ವಲಸೆಗಾರರು ನೇಗಿಲಿನೊಡನೆ ಈ ಆಟದ ದಾಂಡನ್ನೂ ಹೊತ್ತು ತಂದರು.

ಅಮೆರಿಕದ ಪ್ರಮುಖ ಲೀಗುಗಳೆರಡರ ಕೆಳಗೆ ಸಣ್ಣ ಪಟ್ಟಣಗಳ ‘ಮೈನರ್’ ಲೀಗುಗಳು ಹತ್ತಾರು ಇದ್ದವು. ಇವೆಲ್ಲ ಸೇರಿ 1901ರ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಒಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡವು. ಲೀಗುಗಳನ್ನು ಎ, ಬಿ, ಸಿ, ಡಿ ಎಂದು ದರ್ಜೆಗಳಾಗಿ ವಿಂಗಡಿಸಿದರು. ದರ್ಜೆಗೆ ತಕ್ಕಂತೆ ತಂಡದ ಸಂಬಳದ ಮೊತ್ತಕ್ಕೆ ಮಿತಿ. ಒಂದು ತಂಡದೊಡನೆ ಕರಾರು ಬರೆದುಕೊಟ್ಟ ಆಟಗಾರನು ಋತು ಮುಗಿದ ಮೇಲೂ ಆ ತಂಡದ ಅಪ್ಪಣೆಯಿಲ್ಲದೆ ಬೇರೆಡೆಗೆ ಹೋಗುವಂತಿರಲಿಲ್ಲ. ಸಂಘದ ಹೊರಗೆ ಆಡಿದವನಿಗೆ ಒಳಗಿನ ಬಾಗಿಲು ಮುಚ್ಚುತ್ತಿತ್ತು. ಹೀಗೆ ಒಂದು ಕಟ್ಟುನಿಟ್ಟಿನ ವ್ಯವಸ್ಥೆ ಏರ್ಪಟ್ಟು, ಅದಕ್ಕೆ ‘ಸಂಘಟಿತ ಬೇಸ್‌ಬಾಲ್’ ಎಂಬ ಹೆಸರು ಬಂದಿತು. 1907ರಲ್ಲಿ ಎಡ್ಮಂಟನ್, ಕ್ಯಾಲ್ಗರಿ, ಮೆಡಿಸಿನ್ ಹ್ಯಾಟ್, ಲೆತ್‌ಬ್ರಿಜ್ ಎಂಬ ನಾಲ್ಕು ಊರುಗಳು ಕೂಡಿ ‘ವೆಸ್ಟರ್ನ್ ಕೆನಡ ಲೀಗ್’ ಎಂಬುದನ್ನು ಕಟ್ಟಿ ಈ ವ್ಯವಸ್ಥೆಯ ಕಟ್ಟಕಡೆಯ ಮೆಟ್ಟಿಲಾದ ಡಿ ದರ್ಜೆಯನ್ನು ಸೇರಿದವು.

1907ರ ಋತು

ಈ ನಾಲ್ಕು ಊರುಗಳು ಸರಿಸಮಾನವಾಗಿರಲಿಲ್ಲ. 1906ರ ಜನಗಣತಿಯಲ್ಲಿ ಎಡ್ಮಂಟನ್ ಮತ್ತು ಕ್ಯಾಲ್ಗರಿ ಎರಡೂ ಹನ್ನೊಂದು ಸಾವಿರವನ್ನು ದಾಟಿದ್ದವು. ಮೆಡಿಸಿನ್ ಹ್ಯಾಟಿನ ಜನಸಂಖ್ಯೆ ಸುಮಾರು ಮೂರು ಸಾವಿರ. ಲೆತ್‌ಬ್ರಿಜ್ ಅದಕ್ಕಿಂತಲೂ ಚಿಕ್ಕದು. ಲೆತ್‌ಬ್ರಿಜ್ ಕಲ್ಲಿದ್ದಲು ಗಣಿಗಳ ಊರು. ಅದರ ತಂಡದ ಹೆಸರೇ ‘ಮೈನರ್ಸ್’, ಎಂದರೆ ಗಣಿ ಕೆಲಸಗಾರರು. 1906ರಲ್ಲಿ ಅಲ್ಲಿನ ಕಾರ್ಮಿಕರು ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರು. ಚಳಿಗಾಲ ಕಾಲಿಟ್ಟಾಗ ಬಯಲಿನ ಮನೆಗಳಲ್ಲಿ ಒಲೆಗೆ ಕಲ್ಲಿದ್ದಲಿಲ್ಲದೆ ಹಾಹಾಕಾರವೆದ್ದು, ಮುಂದೆ ಪ್ರಧಾನಮಂತ್ರಿಯಾದ ಮೆಕೆಂಜಿ ಕಿಂಗ್ ಮಧ್ಯಸ್ಥಿಕೆ ವಹಿಸಿ ಡಿಸೆಂಬರಿನಲ್ಲಿ ರಾಜಿ ಮಾಡಿಸಬೇಕಾಯಿತು.

ಆ ಚಳಿಗಾಲವೂ ಎಂಥದು! ಪ್ರೇರಿಯ ಇತಿಹಾಸದಲ್ಲಿ 1906–07ರ ಚಳಿಗಾಲಕ್ಕೆ ಒಂದು ಕರಾಳ ಸ್ಥಾನವಿದೆ. ಪಶ್ಚಿಮದ ಪರ್ವತಗಳಿಂದ ಇಳಿದು ಹಿಮವನ್ನು ಕರಗಿಸುವ ‘ಚಿನೂಕ್’ ಎಂಬ ಬಿಸಿಗಾಳಿ ಆ ಸಲ ಕೈಕೊಟ್ಟಿತು. ಹೆಪ್ಪುಗಟ್ಟಿದ ಹಿಮದ ಕೆಳಗಿನ ಹುಲ್ಲು ಬಾಯಿಗೆ ಎಟುಕದೆ ದನಗಳು ಹಿಂಡು ಹಿಂಡಾಗಿ ಸತ್ತವು. ಬೇಲಿಯಿಲ್ಲದ ಬಯಲಿನಲ್ಲಿ ದನ ಮೇಯಿಸುವ ಹಳೆಯ ಉದ್ಯಮದ ಬೆನ್ನು ಮುರಿದದ್ದು ಆಗಲೇ. ವಸಂತವೂ ತಡವಾಗಿ ಬಂದಿತು. ಇಂಥ ಚಳಿಗಾಲದ ಬೆನ್ನಿಗೇ ಮೈದಾನವನ್ನು ಸಮಮಾಡಿ, ಹಲಗೆಯ ಆಸನಗಳನ್ನು ಕಟ್ಟಿ, ಸಂಬಳದ ಆಟಗಾರರನ್ನು ಕರೆಸಿದರೆಂದರೆ ಆ ಜನರ ಧೈರ್ಯ ದೊಡ್ಡದು, ಹುಚ್ಚೆಂದರೂ ತಪ್ಪಾಗಲಾರದು. ಎಡ್ಮಂಟನ್ನಿನಲ್ಲಿ ನಾರ್ತ್ ಸಸ್ಕಾಚೆವಾನ್ ನದಿಯ ದಂಡೆಯ ತಗ್ಗಿನಲ್ಲಿದ್ದ ‘ಡೈಮಂಡ್ ಪಾರ್ಕ್’ ಎಂಬ ಆಟದ ಬಯಲು ಈ ಋತುವಿನ ಕಾಲದ್ದೇ.

ಋತುವಿನ ಲೆಕ್ಕಾಚಾರವನ್ನು ಮೂರು ಸಂಗತಿಗಳು ನಿರ್ಧರಿಸಿದವು: ಭಾನುವಾರ, ಬೆಳಕು, ದೂರ.

ಮೊದಲನೆಯದು ಭಾನುವಾರ. ಕೆನಡದ ಪಾರ್ಲಿಮೆಂಟು 1906ರಲ್ಲಿ ಅಂಗೀಕರಿಸಿದ ‘ಲಾರ್ಡ್ಸ್ ಡೇ’ ಕಾಯಿದೆ 1907ರ ಮಾರ್ಚ್ 1ರಂದು ಜಾರಿಗೆ ಬಂದಿತು. ಭಾನುವಾರ ಹಣ ತೆಗೆದುಕೊಂಡು ಆಟ ತೋರಿಸುವುದು ಅದರ ಪ್ರಕಾರ ಅಪರಾಧ. ದುಡಿಯುವ ಜನರಿಗೆ ವಾರದಲ್ಲಿ ಪೂರ್ತಿಯಾಗಿ ಬಿಡುವಿರುವ ದಿನ ಅದೊಂದೇ. ಅಮೆರಿಕದ ಅನೇಕ ಸಣ್ಣ ಲೀಗುಗಳಿಗೆ ಭಾನುವಾರದ ವಸೂಲೇ ಜೀವಾಳವಾಗಿತ್ತು. ಹೀಗೆ ಲೀಗು ಹುಟ್ಟಿದ ವರ್ಷವೇ ವಾರದ ಏಳು ದಿನಗಳಲ್ಲಿ ಅತ್ಯಂತ ಲಾಭದ ದಿನ ಕೈತಪ್ಪಿತು. ಆಟಗಾರರ ಊಟಕ್ಕೂ ಹೋಟೆಲಿಗೂ ಮಾತ್ರ ಭಾನುವಾರದ ರಜೆ ಇರಲಿಲ್ಲ!

ಎರಡನೆಯದು ಬೆಳಕು. ಇಲ್ಲಿ ಪ್ರಕೃತಿ ಕೈಹಿಡಿಯಿತು. ಎಡ್ಮಂಟನ್ ನಗರ ಉತ್ತರ ಅಕ್ಷಾಂಶ 53 ಡಿಗ್ರಿಗಿಂತ ಮೇಲಿದೆ. ಜೂನ್ ತಿಂಗಳ ಕೊನೆಯಲ್ಲಿ ಹಗಲು ಹದಿನೇಳು ಗಂಟೆಗಳಷ್ಟು ದೀರ್ಘ. ರಾತ್ರಿ ಒಂಬತ್ತಾದರೂ ಸೂರ್ಯ ಆಗಷ್ಟೇ ಇಳಿಯುತ್ತಿರುತ್ತಾನೆ. ವಿದ್ಯುದ್ದೀಪದ ಕೆಳಗಿನ ಆಟ ಮೈನರ್ ಲೀಗುಗಳಿಗೆ ಬಂದದ್ದು 1930ರಲ್ಲಿ. ಪ್ರೇರಿಯ ಊರುಗಳಿಗಾದರೋ ಅಂಗಡಿ ಮುಚ್ಚಿ, ಊಟ ಮುಗಿಸಿ ಬಂದವರಿಗೂ ಪೂರ್ತಿ ಪಂದ್ಯ ತೋರಿಸುವಷ್ಟು ಬೆಳಕನ್ನು ಸೂರ್ಯನೇ ಪುಕ್ಕಟೆಯಾಗಿ ಒದಗಿಸುತ್ತಿದ್ದ. ಭಾನುವಾರ ಕಳೆದುಕೊಂಡದ್ದನ್ನು ಈ ದೀರ್ಘ ಸಂಜೆಗಳು ಸ್ವಲ್ಪಮಟ್ಟಿಗೆ ತುಂಬಿಕೊಟ್ಟವು.

ಮೂರನೆಯದೂ ಮುಖ್ಯವಾದದ್ದೂ ದೂರ. ಕ್ಯಾಲ್ಗರಿಯಿಂದ ಎಡ್ಮಂಟನ್ನಿಗೆ ಉತ್ತರಾಭಿಮುಖವಾಗಿ ಸುಮಾರು 300 ಕಿಲೋಮೀಟರು. ಮೆಡಿಸಿನ್ ಹ್ಯಾಟಿಗೆ ಪೂರ್ವಾಭಿಮುಖವಾಗಿ ಹೆಚ್ಚುಕಡಿಮೆ ಅಷ್ಟೇ. ಎಡ್ಮಂಟನ್ನಿನವರು ಮೆಡಿಸಿನ್ ಹ್ಯಾಟಿನಲ್ಲಿ ಆಡಬೇಕಾದರೆ ಸುಮಾರು 600 ಕಿಲೋಮೀಟರು ರೈಲಿನಲ್ಲಿ ಕುಳಿತಿರಬೇಕು. ತಂಡಕ್ಕೆ ಹನ್ನೆರಡರ ಸುಮಾರು ಜನರೆಂದರೂ ಅಷ್ಟು ಟಿಕೆಟ್ಟು, ಅಷ್ಟು ಹಾಸಿಗೆ, ಅಷ್ಟು ಊಟ. ಒಂದು ಮಳೆ ಬಂದು ಪಂದ್ಯ ನಿಂತರೆ ಹೋಗಿ ಬಂದ ಖರ್ಚೆಲ್ಲ ನೀರಿನಲ್ಲಿ ಹೋಮ. ಆದಕಾರಣ ಒಂದು ಸಲ ಹೋದ ತಂಡ ಅಲ್ಲಿಯೇ ಉಳಿದು ಸಾಲಾಗಿ ಹಲವು ಪಂದ್ಯಗಳನ್ನು ಆಡಿ ಬರುತ್ತಿತ್ತು. ಮೇ 24ರ ವಿಕ್ಟೋರಿಯ ದಿನ, ಜುಲೈ 1ರ ಡೊಮಿನಿಯನ್ ದಿನ ಇಂಥ ರಜೆಗಳು ಬಂದರೆ ಹೆಚ್ಚು ವಸೂಲಿಯ ನಿರೀಕ್ಷೆ. ನಾಲ್ಕೇ ತಂಡಗಳಿದ್ದುದರಿಂದ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತಿದ್ದವು. ಪರಿಚಯ ಬೆಳೆದಂತೆ ಹಗೆಯೂ ಬೆಳೆಯುವುದು ಸಹಜ. ನಡುವೆ ನಿಂತ ಅಂಪೈರನ ಪಾಡು ಯಾರಿಗೂ ಬೇಡ.

ಇಷ್ಟೆಲ್ಲ ಆದಮೇಲೆ ಆ ಋತುವಿನ ಅಗ್ರಪಟ್ಟ ಯಾರಿಗೆ ಬಂದಿತು? ರಾಜಧಾನಿಗೆ ಬರಲಿಲ್ಲ, ರಾಜಧಾನಿಯಾಗಬೇಕೆಂದಿದ್ದ ಕ್ಯಾಲ್ಗರಿಗೂ ಬರಲಿಲ್ಲ. ಮೂರು ಸಾವಿರ ಜನರ ಮೆಡಿಸಿನ್ ಹ್ಯಾಟ್ ಗೆದ್ದಿತು!

ಸಣ್ಣ ಊರು ಗೆದ್ದ ಬಗೆ

ಮೆಡಿಸಿನ್ ಹ್ಯಾಟ್ ಎಂಬುದು ವಿಚಿತ್ರವಾದ ಹೆಸರು. ಬ್ಲ್ಯಾಕ್‌ಫುಟ್ ಭಾಷೆಯಲ್ಲಿ ಹದ್ದಿನ ಗರಿಗಳ ಶಿರೋಭೂಷಣಕ್ಕಿದ್ದ ಹೆಸರೇ ಇಂಗ್ಲಿಷಿನಲ್ಲಿ ಹೀಗಾಯಿತು. ತಂಡಕ್ಕೆ ‘ಹ್ಯಾಟರ್ಸ್’ ಎಂದರೆ ಟೋಪಿಯವರು ಎಂಬ ಹೆಸರು ಬಂದದ್ದೂ ಇದರಿಂದಲೇ. ಆ ಭಾಗದಲ್ಲಿ ರೈಲ್ವೆಯವರು 1883ರಲ್ಲಿ ನೀರಿಗಾಗಿ ಕೊರೆಸಿದಾಗ ನೆಲದೊಳಗಿನಿಂದ ಉರಿಯುವ ಅನಿಲ ಹೊರಟಿತು. 1907ರಲ್ಲೇ ಈ ಊರಿಗೆ ಭೇಟಿಕೊಟ್ಟ ಆಂಗ್ಲ ಲೇಖಕ ರಡ್ಯರ್ಡ್ ಕಿಪ್ಲಿಂಗ್ ಅದನ್ನು ಬಹಳವಾಗಿ ಮೆಚ್ಚಿಕೊಂಡರು. ನೆರೆಯವರ ಹಾಸ್ಯಕ್ಕೆ ಬೇಸತ್ತು ಊರಿನ ಹೆಸರನ್ನು ಬದಲಾಯಿಸಬೇಕೆಂಬ ಚಳವಳಿ 1910ರಲ್ಲಿ ಎದ್ದಾಗ, ಬದಲಾಯಿಸಬೇಡಿರೆಂದು ಇಂಗ್ಲೆಂಡಿನಿಂದ ಪತ್ರ ಬರೆದವರೂ ಅವರೇ. ಹೆಸರು ಉಳಿಯಿತು.

ಜನಬಲವೇ ಗೆಲುವನ್ನು ನಿರ್ಧರಿಸುವುದಾಗಿದ್ದರೆ ಈ ಊರು ಗೆಲ್ಲುವಂತಿರಲಿಲ್ಲ. ಆದರೆ ಮೈನರ್ ಲೀಗಿನ ತಂಡ ಊರಿನ ಜನಸಂಖ್ಯೆಯಿಂದ ಆರಿಸಿದ್ದಲ್ಲ. ಸ್ಥಳೀಯ ವರ್ತಕರು ಹಣ ಕೂಡಿಸುವರು. ವ್ಯವಸ್ಥಾಪಕನೊಬ್ಬನು ಅಮೆರಿಕದ ಪರಿಚಯಸ್ಥರಿಗೆ ಪತ್ರ, ತಂತಿ ಕಳಿಸುವನು. ಅಯೋವ, ಇಲಿನಾಯ್, ಮಿನೆಸೋಟ ಮೊದಲಾದ ಕಡೆಗಳಿಂದ ಯುವಕರು ರೈಲಿನಿಂದ ಇಳಿಯುವರು. ಸಂಬಳಕ್ಕೆ ಮಿತಿಯಿದ್ದುದರಿಂದ ದೊಡ್ಡ ಊರು ತನ್ನ ಥೈಲಿಯ ಬಲದಿಂದಲೇ ಎಲ್ಲರನ್ನೂ ಕೊಂಡುಕೊಳ್ಳುವಂತಿರಲಿಲ್ಲ. ಇಬ್ಬರು ಒಳ್ಳೆಯ ಪಿಚರುಗಳು ಸಿಕ್ಕರೆ ಮೂರು ಸಾವಿರದ ಊರು ಹನ್ನೊಂದು ಸಾವಿರದ ಊರನ್ನು ಸೋಲಿಸಬಹುದು. ಆ ಕಾಲದ ಚೆಂಡು ಅಷ್ಟಾಗಿ ಪುಟಿಯದ ಚೆಂಡು. ಅದಕ್ಕೆ ಎಂಜಲು ಬಳಿದು ಎಸೆಯುವುದಕ್ಕೂ ನಿಷೇಧವಿರಲಿಲ್ಲ. ಪಿಚರನೇ ರಾಜನಾಗಿದ್ದ ಕಾಲವದು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ವಿಷಯವಿದೆ. ಈ ಆಟಗಾರರಲ್ಲಿ ಹೆಚ್ಚಿನವರು ಪರದೇಶದವರು. ಮೇ ತಿಂಗಳಲ್ಲಿ ಬಂದವರು, ಚಳಿ ಬೀಳುವ ಮೊದಲೇ ಹೊರಟುಹೋಗುವವರು. ಆದರೂ ಊರಿನ ಹೆಸರು ಎದೆಯ ಮೇಲೆ ಹೊಲಿದಿದ್ದ ಅಂಗಿ ತೊಟ್ಟ ಕ್ಷಣದಿಂದ ಅವರು ‘ನಮ್ಮ ಹುಡುಗರು’. ಇಲಿನಾಯ್ ಮೂಲದ ಡೀಕನ್ ವೈಟ್ ಎಂಬವರ ಬಾಳು ಇದಕ್ಕೆ ಒಳ್ಳೆಯ ನಿದರ್ಶನ. ಈ ವರ್ಷಗಳಲ್ಲಿ ಬೇಸ್‌ಬಾಲ್ ಆಡಲೆಂದು ಎಡ್ಮಂಟನ್ನಿಗೆ ಬಂದವರು ಅಲ್ಲಿಯೇ ನೆಲೆನಿಂತರು, ತಂಡಗಳನ್ನು ಕಟ್ಟಿದರು, 1921ರಲ್ಲಿ ಎಡ್ಮಂಟನ್ನಿನ ಫುಟ್‌ಬಾಲ್ ತಂಡವನ್ನು ಗ್ರೇ ಕಪ್ ಪಂದ್ಯಕ್ಕೆ ಕರೆದೊಯ್ದರು. ಪಶ್ಚಿಮ ಕೆನಡದ ತಂಡವೊಂದು ಆ ಕಪ್ಪಿಗಾಗಿ ಹೋರಾಡಿದ್ದು ಅದೇ ಮೊದಲು. ಹೊರಗಿನಿಂದ ಬಂದವನನ್ನು ಒಳಗಿನವನನ್ನಾಗಿ ಮಾಡಿಕೊಳ್ಳುವ ಶಕ್ತಿ ಈ ಊರುಗಳಿಗೆ ಇದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ವಿಸ್ತಾರ ಮತ್ತು ಪರೀಕ್ಷೆ

1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹಣದ ಪೇಟೆ ಕುಸಿದು ಎಲ್ಲೆಡೆ ಸಾಲ ಹುಟ್ಟುವುದು ಕಷ್ಟವಾಯಿತು. 1908ರಲ್ಲಿ ಲೀಗು ನಡೆಯಲಿಲ್ಲ. 1909ರಲ್ಲಿ ಮತ್ತೆ ಎದ್ದಾಗ ಅದರ ಆಕಾರ ಇಮ್ಮಡಿಯಾಗಿತ್ತು: ಹಳೆಯ ನಾಲ್ಕರ ಜೊತೆಗೆ ವಿನಿಪೆಗ್, ಬ್ರ್ಯಾಂಡನ್, ರೆಜೈನ, ಮೂಸ್ ಜಾ. ತಂಡಗಳ ಹೆಸರುಗಳೇ ಒಂದು ಭೂಗೋಳದ ಪಾಠ. ರೆಜೈನದವರು ‘ಬೋನ್‌ಪೈಲರ್ಸ್’, ಎಂದರೆ ಎಲುಬು ರಾಶಿ ಹಾಕುವವರು. ನಿರ್ನಾಮವಾದ ಕಾಡೆಮ್ಮೆಗಳ ಎಲುಬುಗಳು ಅಲ್ಲಿ ರಾಶಿಯಾಗಿ ಬಿದ್ದಿದ್ದುದರಿಂದ ಆ ಸ್ಥಳಕ್ಕೆ ಮೊದಲು ‘ಎಲುಬಿನ ರಾಶಿ’ ಎಂದೇ ಹೆಸರಿತ್ತು. ಮೂಸ್ ಜಾ ತಂಡದ ಹೆಸರು ‘ರಾಬಿನ್ ಹುಡ್ಸ್’; 1909ರಲ್ಲಿ ಆ ಊರಿನಲ್ಲಿ ಹುಟ್ಟಿದ ಹಿಟ್ಟಿನ ಗಿರಣಿಯ ಹೆಸರೂ ಅದೇ. ಬೇಟೆಯ ಪ್ರೇರಿ ಗೋಧಿಯ ಪ್ರೇರಿಯಾದ ಕಥೆ ಈ ಎರಡು ಹೆಸರುಗಳಲ್ಲಿ ಅಡಗಿದೆ. ಆದರೆ ವಿನಿಪೆಗ್ಗಿನಿಂದ ಕ್ಯಾಲ್ಗರಿಗೇ 1,300 ಕಿಲೋಮೀಟರಿಗಿಂತ ಹೆಚ್ಚು ದೂರ. ಹೆಮ್ಮೆ ಹಿಗ್ಗಿದಷ್ಟು ಸಲೀಸಾಗಿ ರೈಲಿನ ಖರ್ಚು ಕುಗ್ಗುವುದಿಲ್ಲ.

ನಾನು ಆರಂಭದಲ್ಲಿ ಹೇಳಿದ ಪ್ರಶ್ನೆ 1910ರಲ್ಲಿ ಎದುರಿಗೆ ಬಂದು ನಿಂತಿತು. ರೆಜೈನ ತಂಡದ ಮೂರನೆಯ ನೆಲೆಯಲ್ಲಿ ಡಿಕ್ ಬ್ರೂಕಿನ್ಸ್ ಎಂಬ ಆಟಗಾರರಿದ್ದರು. ಅಮೆರಿಕದ ಕೆಳದರ್ಜೆಯ ಲೀಗುಗಳಲ್ಲಿ ಕೆಲವು ವರ್ಷ ಬಿಳಿಯರೊಡನೆಯೇ ಆಡಿ ಬಂದವರು. ಅವರು ಕಪ್ಪು ಜನಾಂಗಕ್ಕೆ ಸೇರಿದವರೆಂಬ ತಕರಾರು ಎದ್ದಿತು. ಆಟದಲ್ಲಿ ಏನು ಕುಂದಿದೆಯೆಂಬ ವಿಚಾರಣೆ ನಡೆಯಲಿಲ್ಲ; ವಂಶದ ವಿಚಾರಣೆ ನಡೆಯಿತು. ಕೊನೆಗೆ ಲೀಗಿನ ಅಧ್ಯಕ್ಷರು ಅವರು ಆಡಕೂಡದೆಂದು ತೀರ್ಪಿತ್ತರು.

ಯಾವ ನಿಯಮದ ಪ್ರಕಾರ? ಇದೇ ಇಲ್ಲಿನ ಸ್ವಾರಸ್ಯ, ದುಃಖವೂ ಹೌದು. ಸಂಘಟಿತ ಬೇಸ್‌ಬಾಲಿನ ನಿಯಮಾವಳಿಯಲ್ಲಿ ಅಂಥ ಒಂದು ವಾಕ್ಯವೂ ಇರಲಿಲ್ಲ. ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರರು 1884ರಲ್ಲಿ ಟೊಲೀಡೊ ತಂಡದ ಪರವಾಗಿ ಪ್ರಮುಖ ಲೀಗೊಂದರಲ್ಲಿ ಆಡಿದ್ದರು. ಆದರೆ 1887ರ ಜುಲೈಯಲ್ಲಿ ‘ಇಂಟರ್‌ನ್ಯಾಷನಲ್ ಲೀಗ್’ ಇನ್ನು ಮುಂದೆ ಕಪ್ಪು ಆಟಗಾರರೊಡನೆ ಹೊಸ ಕರಾರು ಮಾಡಿಕೊಳ್ಳಬಾರದೆಂದು ಮತಹಾಕಿ ನಿರ್ಧರಿಸಿತು. ಆ ಲೀಗಿನಲ್ಲಿ ಕೆನಡದ ಟೊರಾಂಟೊ, ಹ್ಯಾಮಿಲ್ಟನ್ ತಂಡಗಳೂ ಇದ್ದವು. ಮುಂದೆ ಇತರ ಲೀಗುಗಳು ಮತವನ್ನೂ ಹಾಕದೆ, ಬರೆದೂ ಇಡದೆ, ಪರಸ್ಪರ ಕಣ್ಸನ್ನೆಯಿಂದಲೇ ಅದನ್ನು ಪಾಲಿಸಿದವು. ಬರೆದ ಕಾಯಿದೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಸಭೆಯಲ್ಲಿ ತಿದ್ದಬಹುದು. ಬರೆಯದ ಕಾಯಿದೆಯನ್ನು ಹಿಡಿದುಕೊಳ್ಳುವುದಕ್ಕೆ ಹಿಡಿಯೇ ಇಲ್ಲ. ಅದನ್ನು ಯಾರು ಮಾಡಿದರೆಂದು ಕೇಳಿದರೆ ಎಲ್ಲರೂ ಇನ್ನೊಬ್ಬರತ್ತ ಕೈ ತೋರಿಸುವರು.

‘ಬ್ರೂಕಿನ್ಸ್ ಹೊರಗಿನವರು, ಆದ್ದರಿಂದ ಊರಿನವರು ಒಪ್ಪಲಿಲ್ಲ’ ಎಂದು ಯಾರಾದರೂ ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲುವುದಿಲ್ಲ. ಲೀಗಿನ ಆಟಗಾರರಲ್ಲಿ ಹೆಚ್ಚಿನವರು ಹೊರಗಿನವರೇ ಆಗಿದ್ದರೆಂಬುದನ್ನು ನೋಡಿದೆವು. ಗಡಿ ದಾಟಿ ಬಂದ ಬಿಳಿಯ ಯುವಕನು ಒಂದು ಅಂಗಿ ತೊಟ್ಟೊಡನೆ ರೆಜೈನದವನೋ ಲೆತ್‌ಬ್ರಿಜ್ಜಿನವನೋ ಆಗುತ್ತಿದ್ದನು. ಅದೇ ಗಡಿ ದಾಟಿ ಬಂದು ಅದೇ ಅಂಗಿ ತೊಟ್ಟವರ ಮೈಯಿಂದ ಅದನ್ನು ಕಳಚಿಸಿದರು. ಊರಿನ ಅಭಿಮಾನ ಎಷ್ಟು ವಿಶಾಲವೆಂದು ತೋರಿಸಿಕೊಟ್ಟ ಲೀಗೇ ಅದು ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನೂ ತೋರಿಸಿಕೊಟ್ಟಿತು.

ನಿಜವಾಗಿ ಅಲ್ಲಿನವರಾದವರು

ಈ ಘಟನೆ ಒಂಟಿಯಾದದ್ದಲ್ಲ. ಮೆಡಿಸಿನ್ ಹ್ಯಾಟ್ ಅಗ್ರಪಟ್ಟ ಗೆದ್ದ ಅದೇ 1907ರ ನವೆಂಬರಿನಲ್ಲಿ, ದೂರದ ದಕ್ಷಿಣದಲ್ಲಿ ಓಕ್ಲಹೋಮ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ರಾಜ್ಯವಾಯಿತು. ಹೊಸ ಶಾಸನಸಭೆ ಮಾಡಿದ ಮೊಟ್ಟಮೊದಲ ಕಾಯಿದೆ ರೈಲುಗಾಡಿಗಳಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವುದು. ಸ್ವಂತ ಭೂಮಿ ಹಿಡಿದು ಬಾಳುತ್ತಿದ್ದ ಅನೇಕ ಕಪ್ಪು ಕುಟುಂಬಗಳು ಅಲ್ಲಿಂದ ಕಾಲುಕಿತ್ತವು. ಕೆಲವರು 160 ಎಕರೆಯ ಆಸೆಯಿಂದ ಆಲ್ಬರ್ಟಕ್ಕೆ ಬಂದರು. ಎಡ್ಮಂಟನ್ನಿಗೆ ಸುಮಾರು 160 ಕಿಲೋಮೀಟರು ಉತ್ತರದ ಕಾಡುನೆಲದಲ್ಲಿ, 1910ರ ಸುಮಾರಿಗೆ, ಮುಂದೆ ಆಂಬರ್ ವ್ಯಾಲಿ ಎಂದು ಹೆಸರಾದ ಹಳ್ಳಿಯನ್ನು ಕಟ್ಟಿದರು.

ಅವರನ್ನು ಸ್ವಾಗತಿಸಿದವರು ಕಡಿಮೆ. ಎಡ್ಮಂಟನ್ನಿನ ವರ್ತಕರ ಮಂಡಲಿ ಕಪ್ಪು ವಲಸೆಗಾರರನ್ನು ತಡೆಯಬೇಕೆಂದು 1911ರಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸಿತು. ಕೇಂದ್ರ ಮಂತ್ರಿಮಂಡಲ ಆ ವರ್ಷದ ಆಗಸ್ಟ್ 12ರಂದು, ಆ ಜನಾಂಗ ಕೆನಡದ ಹವೆಗೆ ಹೊಂದದು ಎಂಬ ಕಾರಣ ಕೊಟ್ಟು, ಒಂದು ವರ್ಷದ ಮಟ್ಟಿಗೆ ಅವರ ಪ್ರವೇಶವನ್ನು ನಿಷೇಧಿಸುವ ಆಜ್ಞೆಯನ್ನು ಸಿದ್ಧಪಡಿಸಿತು. ಅದು ಜಾರಿಗೆ ಬರುವ ಮೊದಲೇ, ಅಕ್ಟೋಬರಿನಲ್ಲಿ ರದ್ದಾಯಿತು. ಹವೆಯ ಮಾತನ್ನು ಕೇಳಿದಾಗ ನನಗೆ 1906–07ರ ಚಳಿಗಾಲ ನೆನಪಾಗುತ್ತದೆ: ಆ ಹಿಮ ಯಾರ ಮೈಬಣ್ಣವನ್ನೂ ನೋಡಿ ಬೀಳಲಿಲ್ಲ!

ಆಂಬರ್ ವ್ಯಾಲಿಯ ಜನ ಕಾಡು ಕಡಿದರು, ಶಾಲೆ ಕಟ್ಟಿದರು, ಇಗರ್ಜಿ ಕಟ್ಟಿದರು. ಬೇಸ್‌ಬಾಲ್ ತಂಡವನ್ನೂ ಕಟ್ಟಿದರು. ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಉತ್ತರ ಆಲ್ಬರ್ಟದ ಊರುಗಳಲ್ಲಿ ಆ ತಂಡದ ಹೆಸರು ಕೇಳದವರು ವಿರಳ. ಸುತ್ತಣ ಬಿಳಿಯರ ಹಳ್ಳಿಗಳೊಡನೆ ಅವರು ಹಬ್ಬದ ದಿನಗಳಲ್ಲಿ ಆಡುತ್ತಿದ್ದರು. ಇವರು ಬಾಡಿಗೆಯ ಆಟಗಾರರಾಗಿರಲಿಲ್ಲ. ಹಗಲು ಹೊಲದಲ್ಲಿ ದುಡಿದು ಅದೇ ನೆಲದ ಮೇಲೆ ಆಡಿದವರು. ಊರಿನ ಹೆಸರಿನಲ್ಲಿ ಆಡುವ ಹಕ್ಕು ಯಾರಿಗಾದರೂ ಸಂಪೂರ್ಣವಾಗಿ ಇದ್ದಿತೆಂದರೆ ಅದು ಇವರಿಗೇ.

ಉಪಸಂಹಾರ

ವೆಸ್ಟರ್ನ್ ಕೆನಡ ಲೀಗು 1914ರವರೆಗೆ ಏಳುತ್ತ ಬೀಳುತ್ತ ಸಾಗಿ ಮಹಾಯುದ್ಧ ಬಂದಾಗ ನಿಂತುಹೋಯಿತು. 1919ರಲ್ಲಿ ಮರಳಿ ಹುಟ್ಟಿ 1921ರಲ್ಲಿ ಮತ್ತೆ ಕಣ್ಣು ಮುಚ್ಚಿತು. ಆ ಕೊನೆಯ ಋತುವಿನಲ್ಲಿ ಎಡ್ಮಂಟನ್ ಪರವಾಗಿ ಆಡಿದ ಹೈನಿ ಮಾನುಷ್ ಮುಂದೆ ಪ್ರಮುಖ ಲೀಗುಗಳಲ್ಲಿ ಕೀರ್ತಿ ಗಳಿಸಿ 1964ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಆಯ್ಕೆಯಾದರು. ಅದೇ ಋತುವಿನಲ್ಲಿ ಮೂಸ್ ಜಾ ಪರವಾಗಿ ಆಡಿದ ಮಾರ್ಕ್ ಕೇನಿಗ್ 1927ರ ಪ್ರಸಿದ್ಧ ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿದ್ದರು. ಇಂಥ ಸಣ್ಣ ಲೀಗಿನಿಂದಲೂ ಮೇಲೇರುವ ದಾರಿ ಇದ್ದಿತು. ಆದರೆ ಎಲ್ಲರಿಗೂ ಇರಲಿಲ್ಲ.

ಬರೆಯದಿದ್ದ ಆ ಕಾಯಿದೆ ಮುರಿದದ್ದು 1946ರಲ್ಲಿ. ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರರು ಆ ವರ್ಷದ ಏಪ್ರಿಲ್ 18ರಂದು ಮಾಂಟ್ರಿಯಲ್ ರಾಯಲ್ಸ್ ತಂಡದ ಅಂಗಿ ತೊಟ್ಟು ಕಣಕ್ಕಿಳಿದರು. ಮರುವರ್ಷ ಬ್ರೂಕ್ಲಿನ್ ತಂಡದಲ್ಲಿ ಪ್ರಮುಖ ಲೀಗನ್ನು ಪ್ರವೇಶಿಸಿದರು. ಮಾಂಟ್ರಿಯಲ್ ಕೆನಡದ ನಗರ. ಅವರು ಮೊದಲು ಆಡಿದ ಲೀಗೂ ‘ಇಂಟರ್‌ನ್ಯಾಷನಲ್ ಲೀಗ್’ ಎಂಬ ಹೆಸರಿನದೇ. ಆ ನಗರದ ಜನ ಅವರನ್ನು ತಮ್ಮವರೆಂದು ಎತ್ತಿ ಆಡಿಸಿದರು. 1910ರಲ್ಲಿ ಒಂದು ಊರಿಗೆ ಮಾಡಲಾಗದ ಕೆಲಸವನ್ನು ಮೂವತ್ತಾರು ವರ್ಷಗಳ ಅನಂತರ ಅದೇ ದೇಶದ ಇನ್ನೊಂದು ಊರು ಮಾಡಿತು.

ಪ್ರೇರಿಯ ಊರುಗಳು ಬೇಸ್‌ಬಾಲಿನಿಂದ ಬಯಸಿದ್ದು ಒಂದು ಹೆಸರನ್ನು. ಹೆಸರು ಗೆಲ್ಲುವುದಕ್ಕೆ ದೊಡ್ಡ ಜನಸಂಖ್ಯೆ ಬೇಕಿಲ್ಲವೆಂದು ಮೆಡಿಸಿನ್ ಹ್ಯಾಟ್ 1907ರಲ್ಲಿ ತೋರಿಸಿತು. ಊರಿನ ಹೆಸರು ನಿಜವಾಗಿ ದೊಡ್ಡದಾಗುವುದು ಅದನ್ನು ಎದೆಯ ಮೇಲೆ ಧರಿಸಲು ಯಾರು ಯಾರಿಗೆ ಅವಕಾಶ ಕೊಟ್ಟೆವೆಂಬುದರಿಂದ ಎಂಬ ಪಾಠ ಮಾತ್ರ ನಿಧಾನವಾಗಿ ಬಂದಿತು. ಅಗ್ರಪಟ್ಟಗಳ ಪಟ್ಟಿಯನ್ನು ಓದುವಾಗ ಆಡಲು ಬಿಡದವರ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ, ಆಟದ ಚರಿತ್ರೆಯೂ ನಾವು ತರಗತಿಯಲ್ಲಿ ಓದುವ ಚರಿತ್ರೆಯಷ್ಟೇ ಗಂಭೀರವಾದದ್ದೆಂಬುದು ಮನದಟ್ಟಾಗುತ್ತದೆ.